ಏಳು ದಿನ ಸಾಕು

ಮೂರು ಊರುಗಳಲ್ಲಿ ಮೂರು ಕಟ್ಟಡಗಳು ಏಳುತ್ತಿದ್ದವು. ಮೂರಕ್ಕೂ ಬುದ್ಧಿ ಒಂದೇ. ಆ ಬುದ್ಧಿಯನ್ನು, ಅಂದರೆ ಕೆಲಸದ ನಿಯಮಗಳನ್ನು, ಮುಖ್ಯ ಕಚೇರಿಯಲ್ಲಿ ಕೂತು ಮೂರೂ ಕಡೆಯ ಕಂಪ್ಯೂಟರಿಗೆ ತುಂಬುವವಳು ಅಕ್ಕ. ಒಂದು ಕಡೆ ಕಲಿತದ್ದನ್ನು ಅವಳು ಬರೆದರೆ ಸಾಕು, ಉಳಿದೆರಡು ಕಡೆಯವರು ಕಣ್ಣು ಮುಚ್ಚಿಕೊಂಡು ಪಾಲಿಸುತ್ತಿದ್ದರು. ಅವಳ ಸ್ವಂತ ತಮ್ಮ ಮೂರನೆಯ ಕಟ್ಟಡದಲ್ಲಿ ಬಡಗಿ. ಅವನು ಕರೆಯುವುದನ್ನು ಕೇಳಿ ಕೇಳಿ ಎಲ್ಲರಿಗೂ ಅವಳು ಅಕ್ಕನೇ ಆಗಿಬಿಟ್ಟಿದ್ದಳು.

ಆ ಬೆಳಿಗ್ಗೆ ಮೊದಲನೆಯ ಕಟ್ಟಡದ ಹಳೆಯ ಚೀಟಿಗಳನ್ನು ತಿರುವುತ್ತಿದ್ದವಳ ಕೈ ಒಂದರ ಮೇಲೆ ನಿಂತಿತು. 'ಕಾಂಕ್ರೀಟು ಸುರಿದ ಮೇಲೆ ತಾರಸಿಯ ಆಸರೆ ಕಂಬ ತೆಗೆಯಲು ಏಳು ದಿನ ಸಾಕು' ಎಂದು ಹೋದ ತಿಂಗಳು ಅದನ್ನು ನೋಡಿ ಅವಳೇ ಕಂಪ್ಯೂಟರಿಗೆ ಬರೆದಿದ್ದಳು. ಚೀಟಿಯ ಹಿಂಬದಿಯಲ್ಲಿ ಮೇಸ್ತ್ರಿಯ ಸೊಟ್ಟ ಅಕ್ಷರವಿತ್ತು: 'ಬೇಗ ಗಟ್ಟಿಯಾಗುವ ಸಿಮೆಂಟಾದರೆ ಮಾತ್ರ.' ಹಿಂಬದಿಯನ್ನು ಅವಳು ನೋಡಿಯೇ ಇರಲಿಲ್ಲ. ಮೂರನೆಯ ಕಟ್ಟಡಕ್ಕೆ ಹಾಕಿದ್ದು ಮಾಮೂಲಿ ಸಿಮೆಂಟು. ಇವತ್ತಿಗೆ ಏಳನೆಯ ದಿನ. ಕಂಬ ತೆಗೆಯುವ ತಂಡದ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮನದು.

ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಹೇಗೆ ತಾನೇ ಎತ್ತಿಯಾರು? ತಾರಸಿಯ ಕೆಳಗೆ ಹೋಗುವವರು ಫೋನುಗಳನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂಬ ನಿಯಮವನ್ನೂ ಅವಳೇ ಬರೆದದ್ದು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದರೆ ಚಿಂತೆಯಿರಲಿಲ್ಲ. ಅದರ ಅಂಚಿನಲ್ಲಿ ನಿಂತವನು ತಮ್ಮ.

"ಬೆವರ್ತಾ ಇದ್ದೀಯಲ್ಲ, ಏನಾಯ್ತು?" ಎಂದ ಪಕ್ಕದ ಮೇಜಿನ ನಕ್ಷೆಗಾರ.

"ಈಗ ಮಾತಾಡಿಸ್ಬೇಡ."

ಉಳಿದದ್ದು ಒಂದೇ ದಾರಿ. ಅಲ್ಲಿಯ ಮೇಲ್ವಿಚಾರಕನಿಗೆ ಎಲ್ಲರೂ ಇಟ್ಟ ಹೆಸರು ಗಿಳಿ. ಹತ್ತು ಕಂಬಕ್ಕೊಮ್ಮೆ ಹೊರಗೆ ಬಂದು, ಗೇಟಿನ ಬಳಿಯ ಕಂಪ್ಯೂಟರ್ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಕೊಂಡೇ ಮುಂದಿನ ಕಂಬಕ್ಕೆ ಕೈ ಹಾಕಿಸುವ ಆಸಾಮಿ. ಅವನ ಗಿಳಿಪಾಠಕ್ಕೆ ಅವಳೂ ಎಷ್ಟೋ ಸಲ ನಕ್ಕಿದ್ದಳು. ಈಗ ಹಳೆಯ ಸಾಲು ಅಳಿಸಿ, 'ನಿಲ್ಲಿಸಿ. ಎಲ್ಲರೂ ಹೊರಗೆ ಬನ್ನಿ' ಎಂದು ಬರೆದಳು. ಆಮೇಲೆ ಮಾಡುವುದಕ್ಕೇನೂ ಇರಲಿಲ್ಲ. ಗಡಿಯಾರ ನೋಡಿದಳು, ಬಾಗಿಲು ನೋಡಿದಳು, ಅಮ್ಮನಿಗೆ ಏನು ಹೇಳಲಿ ಎಂದುಕೊಂಡು ಆ ಯೋಚನೆಗೇ ಹೆದರಿದಳು.

ಇಪ್ಪತ್ತು ನಿಮಿಷಕ್ಕೆ ತಮ್ಮನ ಫೋನ್ ಬಂತು.

"ಇಪ್ಪತ್ತು ಕಂಬ ತೆಗ್ದಿದ್ವಿ, ಅಕ್ಕ. ಗಿಳಿ ಓದ್ದ, ಹೊರಗೆ ಬಂದ್ವಿ. ತಾರಸಿ ಎರಡು ಬೆರಳಷ್ಟು ಕೆಳಗೆ ಜಗ್ಗಿದೆ."

ಅವಳಿಗೆ ಅಳು ಒತ್ತರಿಸಿ ಬಂತು. "ಮಾಮೂಲಿ ಸಿಮೆಂಟಿಗೆ ಏಳು ದಿನ ಸಾಲ್ದು ಅಂತ ನಿಂಗೆ ಗೊತ್ತಿರ್ಲಿಲ್ವೇನೋ? ಹದಿನೈದು ವರ್ಷದ ಕೆಲಸ ನಿಂದು."

"ಗೊತ್ತಿತ್ತು," ಎಂದ ತಮ್ಮ. "ನೀನು ಬರೆದಿದ್ದೀಯಲ್ಲ ಅಂತ ಒಳಗೆ ಹೋದೆ."