ಫೌಜದಾರ ನೆಟ್ಟಗೆ ಬಂದ ದಾರಿ

ಎದುರು ಮನೆಯ ಕಟ್ಟೆಯಿಂದ ಬಂದ ಆ ನಗು ಕೇಳಿ ಗುರುಸಿದ್ದವ್ವನಿಗೆ ಮೈಯೆಲ್ಲ ಉರಿಯಿತು. ಗಂಡ ಕಾಳಪ್ಪ ಬಾಗಲಕೋಟೆಯ ಜೇಲಿನಲ್ಲಿ ಕೊಳೆಯುತ್ತಿದ್ದಾನೆ, ಇಲ್ಲಿ ಇಳಕಲ್ಲಿನ ಈ ನಾಚಿಕೆಗೆಟ್ಟ ಗಂಡಸರಿಗೆ ಹರಟೆ ಬೇಕಂತೆ! ಸಾಲದ್ದಕ್ಕೆ ಅವಳ ಸ್ವಂತ ಅಣ್ಣ ತಿಮ್ಮಣ್ಣನೂ ಅವರ ನಡುವೆ ಕೂತು ಹಲ್ಲು ಕಿಸಿಯುತ್ತಿದ್ದ.

ಕಾಳಪ್ಪ ಮಾಡಿದ್ದಾದರೂ ಏನು? ಸರಕಾರದ ವಿರುದ್ಧ ಭಾಷಣ ಮಾಡಿ ಓಡಿಬಂದಿದ್ದ ಧಾರವಾಡದ ತರುಣನೊಬ್ಬನನ್ನು ಮಗ್ಗದ ಕುಣಿಯಲ್ಲಿ, ನೇಕಾರ ಕಾಲು ಇಳಿಬಿಟ್ಟು ಕೂಡುವ ಆ ತಗ್ಗಿನಲ್ಲಿ, ಬಚ್ಚಿಟ್ಟಿದ್ದ. ಮರುದಿನವೇ ಪೊಲೀಸ್ ಫೌಜದಾರ ಬಂದು ಇಬ್ಬರನ್ನೂ ಎಳೆದೊಯ್ದ.

ಕಟ್ಟೆಯ ಮೇಲೆ ಮಾತಾಡುತ್ತಿದ್ದವನು ಜಲಾಲುದ್ದೀನ. ಜರ್ಮನ್ ಯುದ್ಧದಲ್ಲಿ ಸರಕಾರದ ಹೇಸರಗತ್ತೆ ಹೊಡೆದುಕೊಂಡು ಬಸ್ರಾ, ಬಾಗದಾದ ನೋಡಿ ಬಂದವನು.

"ಜರ್ಮನ್ನರ ಬಾತ್ಮಿದಾರ, ಅಂದ್ರ ಗೂಢಚಾರ, ಭಾಳ ಓದಿದಾವ. ವೇಷ ಹಾಕ್ಕೊಂಡು ಅರಬರ ಜೋಡಿ ಕೂತು ಉಣ್ತಾನ. ತುರ್ಕರ ಪೊಲೀಸರು ಹಂಗಲ್ಲ. ಮನಿ ಹೊಕ್ರಂದ್ರ ಗಾದಿ ಹರೀತಾರ, ಗ್ವಾಡಿ ಕೆಡವ್ತಾರ, ಹಿಟ್ಟಿನ ಗಡಗಿ ಬೋರಲ ಹಾಕ್ತಾರ. ಹುಡುಕೂದು ಎಲ್ಲೈತಿ ಅಂತ ಅವರಿಗೇ ಗೊತ್ತಿರೂದಿಲ್ಲ."

"ಮತ್ತ ನಮ್ಮ ಇಂಗ್ರೇಜಿ ಸರಕಾರದ್ದು?" ಯಾರೋ ಕೇಳಿದರು.

"ಅವ್ರು ಹುಡುಕೂದ ಇಲ್ರಿ. ನೆಟ್ಟಗ ಬರ್ತಾರ, ಹಿಡಕೊಂಡು ಹೋಗ್ತಾರ. ಮನಿಗೆ ಬಂದು ಹೋಗೂ ಮಂದೀನ ಅವರಿಗೆ ಮೊದಲ ಹೇಳಿರ್ತಾರಲ್ಲ!"

ಮತ್ತೆ ನಗು. ತಿಮ್ಮಣ್ಣ ಮಾತ್ರ ನಗಲಿಲ್ಲ.

ಗುರುಸಿದ್ದವ್ವನಿಗೆ ಆ ದಿನ ನೆನಪಾಯಿತು. ಫೌಜದಾರ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ, ಅಟ್ಟ ನೋಡಿರಲಿಲ್ಲ. ಬಾಗಿಲು ದಾಟಿದವನೇ ಕುಣಿಯ ಮೇಲಿನ ಹಲಗೆ ಎತ್ತಿದ್ದ. ಆ ಕುಣಿಯ ಸಂಗತಿ ಗೊತ್ತಿದ್ದದ್ದು ಅವಳಿಗೆ, ಗಂಡನಿಗೆ, ಮತ್ತೆ ಹುಡುಗನನ್ನು ಬಚ್ಚಿಟ್ಟ ದಿನ ಮಗ್ಗದ ಸೀರೆಗೆ ಸೆರಗಿನ ಎಳೆ ಜೋಡಿಸಲು ಬಂದಿದ್ದ ಅಣ್ಣನಿಗೆ. ಅವಳು ದಡದಡ ಕಟ್ಟೆ ಏರಿ ತಿಮ್ಮಣ್ಣನ ಅಂಗಿ ಹಿಡಿದಳು.

"ಯಣ್ಣಾ, ನೀನೇನೋ?"

ತಿಮ್ಮಣ್ಣ ತಲೆ ತಗ್ಗಿಸಿದ. "ತಂಗೀ, ಆ ಹುಡುಗನ್ನ ಅಷ್ಟ ಒಯ್ತೇವಿ, ಕಾಳಪ್ಪನ್ನ ಮುಟ್ಟೂದಿಲ್ಲ ಅಂದಿದ್ದ ಫೌಜದಾರ. ನಿನ್ನ ಸಂಸಾರ ಉಳೀಲಿ ಅಂತ..."

"ಅವ ಅಂದ, ನೀ ನಂಬಿದಿ! ನಡಿ ಹುನಗುಂದದ ತಾಲೂಕ ಕಚೇರಿಗೆ. ಆ ಹುಡುಗನ್ನ ಬಚ್ಚಿಟ್ಟಾವ ನಾನು, ಕಾಳಪ್ಪಗ ಏನೂ ಗೊತ್ತಿಲ್ಲ ಅಂತ ಮಾಮಲೇದಾರನ ಮುಂದ ಹೇಳು."

"ನನ್ನ ಒಳಗ ಹಾಕ್ತಾರಲ್ಲವಾ!"

"ಹಾಕ್ಲಿ!"

ಅವನು ಕೂತಲ್ಲಿಂದ ಏಳಲಿಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟೇ ಬಂತು.

"ವರ್ಷಾ ವರ್ಷಾ ನಾಗರ ಪಂಚಮಿಗೆ ನಿನ್ನ ಹೆಸರಲೆ ನಾಗಪ್ಪಗ ಹಾಲ ಎರೀತಿದ್ನಲ್ಲೋ, ನನ್ನ ಅಣ್ಣ ತಣ್ಣಗಿರ್ಲಿ ಅಂತ! ಇನ್ನ ಹಬ್ಬಕ್ಕ ಕರಿಯಾಕ ಬರಬ್ಯಾಡ. ನಂಗ ತವರಮನಿ ಇಲ್ಲ."

ಅಂಗಿ ಬಿಟ್ಟು ಇಳಿದಳು. "ಎಲ್ಲಿಗವ್ವಾ?" ಎಂದು ಜಲಾಲುದ್ದೀನ ಗಾಬರಿಯಿಂದ ಕೇಳಿದ.

"ಹುನಗುಂದಕ್ಕ. ಬಚ್ಚಿಟ್ಟಾಕಿ ನಾನು ಅಂತ ನಾನ ಹೇಳ್ತೇನಿ."