ಅತಿಥಿಗಳ ಮುಂದೆ ಕೊಟ್ಟ ಪ್ರಮಾಣಪತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ನಾನಿರುವುದು ಯಾವ ತಾಲ್ಲೂಕು ಕಚೇರಿ ಎಂದು ಕೇಳಬೇಡಿ. ಹೇಳಿದರೆ ನಾಳೆಯೇ ಇನ್ನೊಂದಕ್ಕೆ ಎತ್ತಿಹಾಕುತ್ತಾರೆ. ನನ್ನ ಹೆಸರು ರಾಮಾಂಜನೇಯ, ಜಾತಿ ಪ್ರಮಾಣಪತ್ರದ ಅರ್ಜಿಗಳನ್ನು ನೋಡುವ ಗುಮಾಸ್ತ. ಹದಿನೆಂಟು ವರ್ಷದ ನೌಕರಿಯಲ್ಲಿ ತಲೆ ಕೆಟ್ಟ ದಿನಗಳು ಬೇಕಾದಷ್ಟಿವೆ. ಡೆನ್ಮಾರ್ಕಿನವರು ಬಂದ ದಿನ ಕೆಟ್ಟಷ್ಟು ಯಾವತ್ತೂ ಕೆಟ್ಟಿರಲಿಲ್ಲ.

ಅವರು ಬಂದದ್ದು ಒಳ್ಳೆಯ ಕೆಲಸಕ್ಕೇ. ಸರ್ಕಾರಿ ಕಚೇರಿಗಳನ್ನು ಸುಧಾರಿಸುವುದರಲ್ಲಿ ಅವರು ಕಂಡುಕೊಂಡದ್ದನ್ನು ನಮಗೆ ಹೇಳುವುದು, ನಮ್ಮದನ್ನು ಅವರು ಕೇಳುವುದು, ಅಷ್ಟೇ. ನಮ್ಮ ತಹಶೀಲ್ದಾರ್ ಪಂಚಾಕ್ಷರಪ್ಪನವರಿಗೆ ಮಾತ್ರ ಅದು ಹೆಣ್ಣು ನೋಡುವ ಶಾಸ್ತ್ರದ ಹಾಗೆ ಕಂಡಿತು. ಗೋಡೆಗೆ ಸುಣ್ಣ, ಕಿಟಕಿಗೆ ಪರದೆ, ಬಾಗಿಲಿಗೆ ಬಾಳೆಕಂಬ.

ನಮ್ಮ ಕಚೇರಿಗೆ ಬರುವವರು ಸಾಲಿನಲ್ಲಿ ನಿಲ್ಲುವುದಿಲ್ಲ. ಚಪ್ಪಲಿಯನ್ನು ಸಾಲಾಗಿ ಬಿಟ್ಟು ಬೇವಿನ ಮರದ ಕೆಳಗೆ ಕೂರುತ್ತಾರೆ. ಚಪ್ಪಲಿ ಮುಂದೆ ಬಂದಂತೆ ಎದ್ದು ಬರುತ್ತಾರೆ, ಪಾಳಿಗಾಗಿ ಯಾರೂ ಜಗಳ ಮಾಡಿದ್ದಿಲ್ಲ. ಆ ಬೆಳಿಗ್ಗೆ ಪಂಚಾಕ್ಷರಪ್ಪನವರು ಜವಾನ ಸೋಮಪ್ಪನಿಂದ ಅಷ್ಟೂ ಚಪ್ಪಲಿಗಳನ್ನು ಗೋಣಿಚೀಲಕ್ಕೆ ತುಂಬಿಸಿದರು. ಜನರನ್ನು ಕಾಂಪೌಂಡಿನ ಹೊರಗೆ ಕಳಿಸಿದರು. ಜನಸ್ನೇಹಿ ಆಡಳಿತ ನೋಡಲು ಬರುವವರ ಕಣ್ಣಿಗೆ ಜನ ಬೀಳಬಾರದಂತೆ!

ಆ ಜನರಲ್ಲಿ ಒಬ್ಬಳು ಬರಿಗಾಲಲ್ಲೇ ನನ್ನ ಕಿಟಕಿಗೆ ಬಂದಳು. ಹೆಸರು ಕ್ರಾಂತಿ. ದಾವಣಗೆರೆಯ ನರ್ಸಿಂಗ್ ಕಾಲೇಜೊಂದರಲ್ಲಿ ಅವಳಿಗೆ ಸೀಟು ಸಿಕ್ಕಿತ್ತು.

"ಸರ್, ಇವತ್ತು ನಾಕು ಗಂಟಿಗೆ ಕೊನಿ ಐತ್ರಿ. ಜಾತಿ ಪ್ರಮಾಣಪತ್ರ ಇಲ್ಲಂದ್ರ ಸೀಟು ಮುಂದಿನವ್ರಿಗೆ ಹೋಗ್ತೈತಿ."

ಅವಳ ಅರ್ಜಿಯ ಪರಿಶೀಲನೆಯೆಲ್ಲ ಮುಗಿದು ವಾರವಾಗಿತ್ತು. ತಹಶೀಲ್ದಾರರು ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತುವುದೊಂದೇ ಬಾಕಿ. ಆ ವಾರವೆಲ್ಲ ಅವರು ಪರದೆಯ ಬಣ್ಣ ಆರಿಸುತ್ತಿದ್ದರು.

ಅತಿಥಿಗಳಿಗೆ ಪ್ರಮಾಣಪತ್ರ ಕೊಡುವ ಬಗೆಯನ್ನು ತೋರಿಸಲು ಒಬ್ಬ ಅರ್ಜಿದಾರರು ಬೇಕಿತ್ತು. ನಾನು ಹಿಂದೆಮುಂದೆ ನೋಡದೆ ಕ್ರಾಂತಿಯನ್ನು ಒಳಗೆ ಕರೆತಂದೆ. ಕಂಪ್ಯೂಟರ್ ನೋಡಿಕೊಳ್ಳುವ ಭೀಮೇಶನ ಕೈಗೆ ಅವಳ ಅರ್ಜಿ ಕೊಟ್ಟೆ. ಒಂದು ಕಲ್ಲಿಗೆ ಎರಡು ಹಕ್ಕಿ ಎಂದು ಒಳಗೊಳಗೇ ಬೀಗಿದೆ.

ಅತಿಥಿಗಳಲ್ಲಿ ಹಿರಿಯರಾದ ಕರೀನ್ ಎಂಬ ಹೆಂಗಸು ಕುಳಿತವರೇ, ಭಾಷಾಂತರ ಮಾಡುವವರ ಮೂಲಕ ಕೇಳಿದರು: "ನಿಮ್ಮ ಕೆಲಸ ಎಲ್ಲಿ ನಿಂತುಹೋಗುತ್ತದೆ, ಅದನ್ನು ಮೊದಲು ಹೇಳಿ. ನಮ್ಮದು ಎಲ್ಲಿ ನಿಲ್ಲುತ್ತದೆಂದು ನಾವೂ ಹೇಳುತ್ತೇವೆ."

"ನಮ್ಮಲ್ಲಿ ಎಲ್ಲೂ ನಿಲ್ಲಂಗಿಲ್ರಿ," ಎಂದರು ಪಂಚಾಕ್ಷರಪ್ಪನವರು.

ಇಂಥ ಮಾತಿಗೆ ಏನು ಮಾಡಬೇಕು ಹೇಳಿ. ಅಷ್ಟು ದೂರದಿಂದ ಬಂದವರು ಬಾಯಿಬಿಟ್ಟು ಕೇಳುತ್ತಿದ್ದಾರೆ, ಇವರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ನಾನೂ ಬಾಯಿ ಮುಚ್ಚಿಕೊಂಡೇ ನಿಂತಿದ್ದೆ.

ಭೀಮೇಶ ಅರ್ಜಿ ತೆರೆದ, ಪಂಚಾಕ್ಷರಪ್ಪನವರು ಒಪ್ಪಿಗೆ ಒತ್ತಿದರು. ನಾಲ್ಕು ನಿಮಿಷದಲ್ಲಿ ಪ್ರಮಾಣಪತ್ರ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಕ್ರಾಂತಿ ನನಗೆ ಕೈಮುಗಿದು, ಗೋಣಿಚೀಲದಲ್ಲಿ ಸಿಕ್ಕ ಜೋಡಿಯೊಂದನ್ನು ಮೆಟ್ಟಿಕೊಂಡು ಬಸ್ಸಿಗೆ ಓಡಿದಳು.

ಊಟಕ್ಕೆ ಕೂತಾಗ ಭೀಮೇಶನ ಬೆನ್ನು ತಟ್ಟಿದೆ. "ಭಾರಿ ಲಗೂನ ಬಂತಲ್ಲಪ್ಪ ಇವತ್ತು."

"ಬರದೇನ್ರಿ. ಅದು ತರಬೇತಿ ಸೈಟು. ನಾವು ಕೆಲ್ಸ ಕಲ್ಯಾಕ ಬಳಸ್ತೀವಲ್ರಿ, ಅದು. ಅದರಾಗ ಬಂದ ಕಾಗದ ಎಲ್ಲೂ ನಡ್ಯಂಗಿಲ್ಲ. ಖರೇದು ಅತಿಥಿಗಳ ಮುಂದ ಕೈ ಕೊಟ್ರ ಏನ್ ಮಾಡೋದು ಅಂತ ಸಾಹೇಬ್ರು ಹೇಳಿದ್ರು."

"ಆ ಹುಡುಗಿ ಖರೇ ಅದಾಳಲ್ಲೋ."

ಭೀಮೇಶ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ನಿಮ್ಮ ಪೈಕಿ ಯಾರನ್ನೋ ನಾಟಕಕ್ಕ ಕರ್ಕೊಂಡು ಬಂದೀರಿ ಅಂತ ಮಾಡಿದ್ನಿ."

ತಟ್ಟೆ ಸರಿಸಿ, ಅರ್ಜಿಯಲ್ಲಿದ್ದ ನಂಬರು ಹುಡುಕಿದೆ. ಕ್ರಾಂತಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಎದ್ದು ಅತಿಥಿಗಳ ಊಟದ ಕೋಣೆಗೆ ಹೋದೆ, ತಹಶೀಲ್ದಾರರ ಕಿವಿಯಲ್ಲಿ ಹೇಳಿದೆ: "ಸಾಹೇಬ್ರ, ಆ ಹುಡುಗೀದು ಖರೇ ಅರ್ಜಿ, ನಾಕು ಗಂಟಿಗೆ ಕೊನಿ. ಎರಡು ನಿಮಿಷ ಬಂದು ಖರೇ ಸೈಟಿನಾಗ ಒಪ್ಪಿಗಿ ಒತ್ತಿಬಿಡ್ರಿ. ಕಾಲೇಜಿಗೆ ಇಮೇಲ್ ಮಾಡ್ತೀನಿ."

"ಅತಿಥಿಗಳು ಉಣ್ಣಾಕತ್ಯಾರ. ಇವ್ರು ಹೋಗ್ಲಿ, ಮಾಡೋಣಂತ," ಎಂದು ಕರೀನ್ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಕರೀನ್ ನನ್ನ ಮುಖ ನೋಡಿ ಏನೋ ಕೇಳಿದರು. ಏನಾದರೂ ತೊಂದರೆಯಾಗಿದೆಯೇ ಎಂದು ಕೇಳುತ್ತಿದ್ದಾರೆ ಎಂದರು ಭಾಷಾಂತರದವರು. ಹೌದು ಅನ್ನಲು ನನಗೆ ಒಂದೇ ಒಂದು ಶಬ್ದ ಸಾಕಿತ್ತು. ಪಂಚಾಕ್ಷರಪ್ಪನವರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಏನಿಲ್ರಿ," ಎಂದೆ.

ಅತಿಥಿಗಳ ಕಾರು ಹೊರಟಿದ್ದು ನಾಲ್ಕೂವರೆಗೆ. ಒಪ್ಪಿಗೆ ಬಿದ್ದದ್ದು ಐದಕ್ಕೆ. ಅಷ್ಟರಲ್ಲಿ ಕಾಲೇಜಿನವರು ಅವಳ ಪ್ರಮಾಣಪತ್ರದ ಸಂಖ್ಯೆಯನ್ನು ಸರ್ಕಾರದ ಸೈಟಿನಲ್ಲಿ ಹಾಕಿ ನೋಡಿ, ಇಂಥದ್ದೊಂದು ಇಲ್ಲವೇ ಇಲ್ಲ ಎಂದಿದ್ದರು. ಎಲ್ಲಿ ಮಾಡಿಸಿದೆ ಈ ನಕಲಿ ಕಾಗದವನ್ನು ಎಂದು ಹತ್ತು ಜನರ ಮುಂದೆ ಕೇಳಿದ್ದರು. ಸೀಟು ಮುಂದಿನವರಿಗೆ ಹೋಯಿತು.

ಮರುದಿನ ಕ್ರಾಂತಿ ಬಂದಳು. ಬೈಯುತ್ತಾಳೆಂದು ಕಾದಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಚಾಚಿದ ಅಸಲಿ ಪ್ರಮಾಣಪತ್ರವನ್ನು ಅವಳು ಮುಟ್ಟಲಿಲ್ಲ. ನಮ್ಮ ಕಚೇರಿಯ ಹೆಸರಿನಲ್ಲಿ ವಾಟ್ಸಾಪಿನಲ್ಲೆಲ್ಲ ಓಡಾಡುತ್ತಿದ್ದ, ಅವಳು ಅತಿಥಿಗಳ ಮುಂದೆ ಪ್ರಮಾಣಪತ್ರ ಹಿಡಿದು ನಿಂತ ಫೋಟೊವನ್ನು ಮೊಬೈಲಿನಲ್ಲಿ ತೆರೆದು ನನ್ನ ಮುಂದೆ ಹಿಡಿದಳು. ಕೆಳಗೆ "ನಾಲ್ಕೇ ನಿಮಿಷದಲ್ಲಿ ಸೇವೆ" ಎಂದು ಬರೆದಿತ್ತು.

"ಇದರಾಗ ನಾನು ನಕ್ಕೀನ್ರಿ ಸರ್," ಎಂದಳು. "ಇದನ್ನರ ತೆಗೆದುಹಾಕ್ರಿ."