ಅಕ್ಕಿಯಲ್ಲಿ ಬರೆದ ಹೆಸರು

ಬಸವನಗುಡಿಯ ನಮ್ಮ ಮನೆಯಲ್ಲಿ ಮಾವನವರು ವಂಶವೃಕ್ಷ ಬರೆಯುತ್ತಿದ್ದರು. ಅವರ ಮುತ್ತಜ್ಜನ ತಾಯಿಯ ಹೆಸರು ಹಳೆಯ ಕ್ರಯಪತ್ರವೊಂದರಲ್ಲಿ ರುಕ್ಮಿಣಿ ಎಂದು ಸಿಕ್ಕಿತ್ತು. ಆದರೆ ಆಕೆಯ ತವರಿನವರು ಕಳಿಸಿದ ವಂಶಾವಳಿಯಲ್ಲಿ ರುಕ್ಮಿಣಿಯೇ ಇರಲಿಲ್ಲ.

"ಮದುವೇಲಿ ಹೆಸರು ಬದಲಾಯಿಸಿರ್ತಾರೆ. ಇಲ್ಲಿರೋ ಹುಡುಗೀರಲ್ಲಿ ಇವಳು ಯಾರೋ, ಇನ್ನು ಗೊತ್ತಾಗಲ್ಲ," ಎಂದರು ಮಾವ.

"ಗೊತ್ತಾಗಿದ್ರೆ ಕೂಗಿ ಕಾಫಿಗೆ ಕರೀತಿದ್ರೇನೋ!" ಅತ್ತೆ ನಕ್ಕರು.

ನನ್ನ ಮದುವೆಯಲ್ಲೂ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಗೋದಾ ಎಂದು ಹೊಸ ಹೆಸರು ಬರೆಸಿದ್ದರು. ಆಮೇಲೆ ಆ ಅಕ್ಕಿಯಲ್ಲಿ ಅನ್ನ ಮಾಡಿದೆವು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಡುವವರೆಗೂ ಹಾಜರಿ ಕೂಗುವಾಗ ನಾನು ಮೇದಿನಿ.

ಮಾವ ಕೊನೆಯ ಸಾಲಿಗೆ ಬಂದರು. "ನಿನ್ನ ಹೆಸರು ಏನಂತ ಬರೀಲಮ್ಮಾ?"

ಮೇದಿನಿ ಎನ್ನಬಹುದಿತ್ತು.

"ಗೋದಾ," ಎಂದೆ.

ಅವರು ಬರೆದುಕೊಂಡರು. ನಾನು ಖಾಲಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದೆ.